ಚಾಚಾ ಹೊಲಿದ ಪಟ್ಟಿ

ಅಟ್ಟದಿಂದ ಗಿಟಾರ್ ಇಳಿಸಿ ಚೀಲದ ಜಿಪ್ ಎಳೆದೆ. ಹೊಲಿಗೆ ಮಶೀನಿನ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಫೋನಿನಲ್ಲಿ ಪುಕ್ಕಟೆ ಕಲಿಸುವವರು ಬೇಕಾದಷ್ಟು ಸಿಗುತ್ತಾರೆ, ಈ ವಯಸ್ಸಿನಲ್ಲಾದರೂ ಕಲಿಯೋಣ ಎಂದು ಹೊರಟಿದ್ದೆ. ಆ ವಾಸನೆಗೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ…

ಕುಡಚಿ ಸ್ಟೇಶನ್ ರಸ್ತೆಯಲ್ಲಿ ಚಾಚಾನ ದರ್ಜಿ ಅಂಗಡಿಯಿತ್ತು. ಎಲ್ಲರಿಗೂ ಅವರು ಚಾಚಾ. ಲಗ್ನದ ದಿನಗಳಲ್ಲಿ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದರು. ಅವರ ಹಳೆಯ ಗಿಟಾರ್ ಅಂಗಡಿಯ ಗೋಡೆಯಲ್ಲಿ ತೂಗುತ್ತಿತ್ತು. ಆರನೇ ಇಯತ್ತೆಯ ನಾನು ಶಾಲೆ ಬಿಟ್ಟಮೇಲೆ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದೆ.

"ಕಲೀತೀ ಏನವಾ?" ಎಂದರು ಒಂದು ದಿನ.

"ಫೀ ಎಷ್ಟ್ರಿ ಚಾಚಾ?"

"ಲಗ್ನದಾಗ ಬಾರಿಸಿದ್ರ ರೊಕ್ಕ ತಗೋತೀನಿ. ಕಲಸಾಕ ಯಾತರ ಫೀ? ಉಗುರು ತಗದು ಬಾ, ಸಾಕು."

ಅವರು ಜಂಪರು ಹೊಲಿಯುತ್ತಲೇ ಕಲಿಸುತ್ತಿದ್ದರು. ನಾನು ತಪ್ಪಿದರೆ ಮಶೀನು ನಿಲ್ಲುತ್ತಿತ್ತು. ಬೈಯುತ್ತಿರಲಿಲ್ಲ, ತಲೆ ಕೂಡ ಎತ್ತುತ್ತಿರಲಿಲ್ಲ. ನಾನು ಸರಿಯಾಗಿ ನುಡಿಸುವವರೆಗೆ ಪೆಡಲ್ ತುಳಿಯುತ್ತಿರಲಿಲ್ಲ, ಅಷ್ಟೇ. ಗಿಟಾರ್ ತೊಡೆಯಿಂದ ಜಾರುವುದನ್ನು ನೋಡಿ, "ಹೆಗಲಿಗೆ ಒಂದ್ ಪಟ್ಟಿ ಹೊಲದ ಕೊಡತೀನಿ ತಡಿ" ಎಂದಿದ್ದರು.

ದೀಪಾವಳಿ ರಜೆಗೆ ಗಿಟಾರನ್ನೇ ಮನೆಗೆ ಕೊಟ್ಟು ಕಳಿಸಿದರು. ಎರಡು ದಿನಕ್ಕೆ ದನಿ ಇಳಿಯಿತು. ಅಪ್ಪ ಹಲಗಿ ಬಾರಿಸುವವನು. ಆ ಚರ್ಮದ ವಾದ್ಯವನ್ನು ಉರಿಗೆ ಹಿಡಿದು ಕಾಸಿದರೆ ದನಿ ಏರುವುದನ್ನು ನಾನು ಬುದ್ಧಿ ತಿಳಿದಾಗಿನಿಂದ ಕಂಡಿದ್ದೆ. ಮಹಾ ಜಾಣೆ, ಕಬ್ಬಿನ ಒಣಗರಿ ಹೊತ್ತಿಸಿ ಗಿಟಾರನ್ನೂ ಕಾಸಿದೆ! ಬೆನ್ನಿನ ಅಂಟು ಬಿಟ್ಟು ಮರ ಬಾಯ್ದೆರೆಯಿತು.

ಚಾಚಾ ನಮಾಜಿಗೆ ಹೋದ ಹೊತ್ತು ನೋಡಿ ಅದನ್ನು ಅಂಗಡಿ ಕಟ್ಟೆಯ ಮೇಲಿಟ್ಟು ಓಡಿಬಂದೆ. ಮುಂದೆ ಆ ರಸ್ತೆಯನ್ನೇ ಬಿಟ್ಟು ಸುತ್ತುಬಳಸಿ ಶಾಲೆಗೆ ಹೋದೆ. "ಚಾಚಾ ಬಾ ಅಂದಾರ, ಹೋಗಬೇ" ಎಂದು ಅಪ್ಪ ಎರಡು ಸಲ ಹೇಳಿದ. ಹೋಗಲಿಲ್ಲ. ಬೈದರೆ ತಡೆದುಕೊಳ್ಳಬಹುದಿತ್ತು. ಅವರು ಬೈಯುವವರಲ್ಲ ಎಂಬುದೇ ನನ್ನ ಹೆದರಿಕೆಯಾಗಿತ್ತು.

ವರ್ಷಗಳು ಹಾಗೇ ಸರಿದವು… ಲಗ್ನವಾಗಿ ಚಿಕ್ಕೋಡಿಗೆ ಬಂದೆ. ಹೋದ ವರ್ಷ ಚಾಚಾ ತೀರಿಕೊಂಡರೆಂದು ತಿಳಿದು ಕುಡಚಿಗೆ ಹೋದಾಗ ಅವರ ಮಗಳು ಈ ಚೀಲ ಕೈಗಿತ್ತಳು. "ಅಬ್ಬಾ ಇದನ್ನ ಯಾರಿಗೂ ಕೊಡಲಿಲ್ರಿ. ಆ ಹುಡುಗಿ ಬರತಾಳ, ಇರಲಿ ಅಂತಿದ್ರು." ಮನೆಗೆ ತಂದರೂ ತೆರೆಯುವ ಧೈರ್ಯವಾಗದೆ ಅಟ್ಟಕ್ಕೇರಿಸಿದ್ದೆ.

ಇವತ್ತು ತೆರೆದೆ. ಬೆನ್ನನ್ನು ಅಚ್ಚುಕಟ್ಟಾಗಿ ಅಂಟಿಸಿದ್ದಾರೆ. ಹೆಗಲಿಗೆ ನೀಲಿ ಬಟ್ಟೆಯ ಪಟ್ಟಿ, ಎರಡು ಸಾಲು ಹೊಲಿಗೆ. ಹಾಕಿಕೊಂಡರೆ ಗಿಟಾರ್ ಗದ್ದಕ್ಕೇ ಬಂದು ನಿಂತಿತು. ಚಾಚಾನ ಅಳತೆ ಎಂದೂ ತಪ್ಪಿದ್ದಿಲ್ಲ. ಅದು ಆರನೇ ಇಯತ್ತೆಯ ಹುಡುಗಿಯ ಅಳತೆ. ನಾನು ತಪ್ಪಿಸಿಕೊಂಡು ತಿರುಗುತ್ತಿದ್ದ ಆ ದಿನಗಳಲ್ಲೇ ಹೊಲಿದಿಟ್ಟಿದ್ದರು. "ತಪ್ಪಾತ್ರಿ ಚಾಚಾ" ಎಂಬ ಒಂದು ಮಾತಿಗೆ ಇಷ್ಟು ವರ್ಷ ಬೇಕಾಯಿತಲ್ಲ ಎಂದು ಅಳು ಬಂತು.

ಕಣ್ಣೊರೆಸಿಕೊಂಡು ಫೋನಿನ ಮೊದಲ ಪಾಠ ಹಚ್ಚಿದೆ. ಬೆರಳಿಟ್ಟು ಮೀಟಿದೆ, ತಪ್ಪಿತು. ಫೋನಿನವನು ನಿಲ್ಲಲಿಲ್ಲ, ಮುಂದೆ ಹೋದ.