ಗೇಟಿನ ಮೇಲಿನ ತ್ರಿಶೂಲ

ಚಿಕ್ಕಲಸಂದ್ರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಸಂಗಮೇಶನಿಗೆ ತ್ರಿಶೂಲ ಕಂಡರೆ ಮುಗಿಯಿತು, ಅದು ಕಬ್ಬಿಣ ಅನ್ನುವುದೇ ಮರೆತುಹೋಗುತ್ತಿತ್ತು. ಬಾಗಲಕೋಟೆ ಕಡೆಯ ಶಿವಭಕ್ತರ ಮನೆತನ. ಹುಳಿಮಾವು ಕೆರೆಯಲ್ಲಿ ಮೀನು ಚುಚ್ಚುವ ಮುನಿಯಣ್ಣನಿಗೆ ಮೂರು ಮೊನೆಯ ಈಟಿ ಮಾಡಿಕೊಟ್ಟಾಗಲೂ ವಿಭೂತಿ ಹಚ್ಚಿದ್ದ. “ಮೀನು ಹಿಡಿಯೋಕೆ ಇದೆಲ್ಲ ಯಾಕೆ ಗುರು?” ಎಂದು ಮುನಿಯಣ್ಣ ನಕ್ಕಿದ್ದ. ಬಿಟಿಎಂ ಲೇಔಟಿನ ಮೀನೂಟದ ಹೋಟೆಲಿನವರು ಯಾವುದೋ ದೂರದೇಶದ ಕಡಲದೇವರ ತ್ರಿಶೂಲವನ್ನು ಬೋರ್ಡಿಗೆ ಮಾಡಿಸಿದರೆ, ಅದರ ಮೊನೆಗೂ ನಿಂಬೆಹಣ್ಣು! ಯಾರ ದೇವರಾದರೇನು, ಶೂಲ ಶೂಲವೇ ಎನ್ನುವ ಆಸಾಮಿ.

ಪಕ್ಕದ ರಸ್ತೆಯ ಪರಮಶಿವಯ್ಯನವರು ಕಳ್ಳರ ಕಾಟಕ್ಕೆಂದು ಗೇಟಿನ ಮೇಲೆ ಸಾಲಾಗಿ ತ್ರಿಶೂಲ ಹಾಕಿಸಿದರು. ಯಾರಿಗಾದರೂ ಚುಚ್ಚೀತು, ಮೊನೆ ಸ್ವಲ್ಪ ಉಜ್ಜಿ ಮೊಂಡು ಮಾಡಿಬಿಡಪ್ಪ ಎಂದರೆ ಇವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. “ಮೊಂಡ ತ್ರಿಶೂಲ ಮನೀಗೆ ಚಲೋ ಅಲ್ರೀ ಸರ,” ಎಂದ. ತಾನೇ ಪೂಜೆ ಮಾಡಿ ಕೂರಿಸಿದ. ಅವರ ಹೆಂಡತಿ ಶಾಂತಾದೇವಿ ದಿನಾ ಕುಂಕುಮ ಇಡುತ್ತಿದ್ದರು.

ಒಂದು ಮಧ್ಯಾಹ್ನ ಆ ಮನೆ ಕಡೆಯಿಂದ ಬೊಬ್ಬೆ. ಕಬ್ಬಿಣ ಕೊಯ್ಯೋ ಗ್ರೈಂಡರ್ ತಗೊಂಡು ಓಡಿ ಬಾ ಎಂದು ಯಾರೋ ಕೂಗಿದರು. ಸಂಗಮೇಶ ಗ್ರೈಂಡರ್ ಹಿಡಿದು ಓಡಿದ. ಅವರ ಮಗಳು ಜ್ಯೋತ್ಸ್ನಾ ಕಾಲೇಜಿನಿಂದ ಬಂದವಳು, ಬೀಗದ ಕೈ ಇಲ್ಲದೆ ಗೇಟು ಹತ್ತಿ ಜಾರಿದ್ದಾಳೆ. ಮೊನೆ ಅಂಗೈ ತೂರಿ ಆಚೆ ಬಂದಿದೆ. ತರಕಾರಿಗೆ ಹೋಗಿದ್ದ ಶಾಂತಾದೇವಿ ಓಡಿಬಂದು ಮಗಳನ್ನು ತಬ್ಬಿ ಮೇಲೆತ್ತಿ ಹಿಡಿದಿದ್ದಾರೆ. ಕೈ ಎಳೆಯಬೇಡಿ, ಕಬ್ಬಿಣವನ್ನೇ ಕೊಯ್ಯಿರಿ ಎಂದು ಆಂಬುಲೆನ್ಸಿನವರು ಫೋನಿನಲ್ಲಿ ಹೇಳಿದ್ದರು.

ಸಂಗಮೇಶ ಚಪ್ಪಲಿ ಬಿಟ್ಟ. ಕೈ ಮುಗಿದ. ನಿಂತೇಬಿಟ್ಟ.

“ಕೊಯ್ಯೋ! ಏನ್ ನೋಡ್ತಾ ನಿಂತಿದ್ದೀಯಾ?” ಶಾಂತಾದೇವಿ ಚೀರಿದರು.

“ಅವ್ವಾರ, ಪೂಜಿ ಮಾಡಿದ ಶೂಲಾರೀ... ಹೆಂಗ ಕೊಯ್ಯಲಿ? ಒಂದು ನಿಂಬಿಹಣ್ಣರ ಕೊಡ್ರಿ, ತಪ್ಪಾತು ಅಂತ ಕೇಳ್ಕೊಂಡು...”

ಅಯ್ಯೋ ಶಿವನೇ, ನಿಂಬೆಹಣ್ಣಂತೆ! ಸೇರಿದ್ದ ಜನ ದಂಗಾಗಿ ಇವನ ಮುಖ ನೋಡಿದರು. ಅಷ್ಟರಲ್ಲಿ ಹುಡುಗಿಗೆ ಪ್ರಜ್ಞೆ ತಪ್ಪಿತು. ಮೈಯೆಲ್ಲ ಭಾರ ಬಿಟ್ಟು ಕುಸಿದಾಗ ತಾಯಿಯ ಹಿಡಿತ ಜಾರಿತು, ಅಂಗೈ ಇನ್ನಷ್ಟು ಹರಿಯಿತು.

“ಅದು ಗೇಟು ಕಣೋ, ಪಾಪಿ! ಬರೀ ಗೇಟು!” ತಾಯಿ ಅರಚಿದರು.

ಆಮೇಲೆ ಕೊಯ್ದ. ಕಬ್ಬಿಣ ಕಾಯದಿರಲೆಂದು ಪಕ್ಕದವರು ನೀರು ಸುರಿಯುತ್ತಿದ್ದರು, ಇವನು ತನ್ನನ್ನೇ ತಾನು ನಂಬಲಾರದೆ ಅಳುತ್ತಿದ್ದ.

ಎಷ್ಟೋ ತಿಂಗಳ ಮೇಲೆ ಜ್ಯೋತ್ಸ್ನಾ ಅಂಗಡಿಗೆ ಬಂದಳು. ಎರಡು ಬೆರಳು ಮಡಚಲು ಬರುತ್ತಿರಲಿಲ್ಲ. ಸಂಗಮೇಶ ಗಡಬಡಿಸಿ ಎದ್ದ.

“ನಿಮ್ಮ ಗೇಟಿನ ಶೂಲ ಎಲ್ಲಾ ನಾನ ತೆಗೆದು ಕೊಡ್ತೀನವ್ವಾ.”

“ಅಪ್ಪ ಆಗ್ಲೇ ತೆಗೆಸಿದ್ರು, ಅಂಕಲ್.” ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಒಂದು ಕೇಳ್ಬೇಕಿತ್ತು. ನಾನು ಅಷ್ಟು ಕಿರುಚ್ತಿದ್ದೆ. ನೀವು ಕೈ ಮುಗಿದ್ರಲ್ಲ, ಯಾರ ಮಾತು ಕೇಳಿಸ್ಕೊಳ್ತಿದ್ರಿ?”