ಮುಚ್ಚಳದ ಒಳಗಿನ ಚಿತ್ರ

ದೇವದುರ್ಗದ ಬಜಾರಿನಲ್ಲಿ ಜಹೀರುದ್ದೀನರು ತಗಡಿನ ಟ್ರಂಕುಗಳ ಮೇಲೆ ಹೂ ಬರೆಯುತ್ತಿದ್ದ ಕಾಲವನ್ನು ನೆನೆಯುವವರು ಇಂದಿಗೂ ಇದ್ದಾರೆ. ಆಗ ಮದುಮಗಳು ತವರನ್ನು ಬಿಡುವಾಗ ಅವಳ ಹಿಂದೆ ಒಂದು ಟ್ರಂಕು ಹೊರಡಲೇಬೇಕಿತ್ತು. ಗಂಡನ ಮನೆಯಲ್ಲಿ ಅದನ್ನು ಎಲ್ಲರಿಗೂ ಕಾಣುವಂತೆ ಗೋಡೆಗೊತ್ತಿ ಇಡುತ್ತಿದ್ದರು. ಬೇರೊಂದು ಅಲಂಕಾರವನ್ನರಿಯದ ಆ ಮಣ್ಣಿನ ಗೋಡೆಯ ಮುಂದೆ ಹಸಿರು ತಗಡು, ತಗಡಿನ ಮೇಲೆ ಕೆಂಪು ಗುಲಾಬಿ, ಗುಲಾಬಿಯ ಸುತ್ತ ಹಳದಿಯ ಬಳ್ಳಿ. ಮನೆಗೆ ಮನೆಯೇ ಬೆಳಗಿದಂತೆ ತೋರುತ್ತಿತ್ತು.

ಮೇಲಿನ ಗುಲಾಬಿ ಊರವರಿಗೆ. ಜಹೀರುದ್ದೀನರ ವಿಶೇಷವಿದ್ದದ್ದು ಮುಚ್ಚಳದ ಒಳಮೈಯಲ್ಲಿ. ಟ್ರಂಕಿಗೆ ಬಂದ ಹುಡುಗಿಯನ್ನು, "ತವರು ಮನ್ಯಾಗ ಯಾವುದನ್ನ ಬಿಟ್ಟು ಹೋಗಾಕ ಮನಸಿಲ್ಲ ತಾಯಿ?" ಎಂದು ಕೇಳುವರು. ಅವಳು ನಾಚುತ್ತ ಹೇಳಿದ್ದನ್ನು ಅಂಗೈಯಗಲದಲ್ಲಿ ಬರೆದು, ಮುಚ್ಚಳ ಹಾಕಿ, "ಇದು ನಿಂದು. ನೀ ತೋರಿಸಿದರಷ್ಟ ಇನ್ನೊಬ್ಬರು ನೋಡಬೇಕು" ಎಂದು ಮಾತು ಕೊಡುವರು. ಒಬ್ಬಳಿಗೆ ಬಾವಿಯ ರಾಟೆ, ಮತ್ತೊಬ್ಬಳಿಗೆ ಹುಣಸೆಯ ಕೊಂಬೆಯ ಜೋಕಾಲಿ. ಮನುಷ್ಯ, ಪ್ರಾಣಿ, ಪಕ್ಷಿಗಳನ್ನು ಮಾತ್ರ ಅವರು ಬರೆಯರು. ಜೀವ ಕೊಡುವವನು ಒಬ್ಬನೇ, ಅವನ ಕೆಲಸಕ್ಕೆ ತಾವು ಕೈ ಹಾಕಬಾರದೆಂಬುದು ಅವರ ನಿಷ್ಠೆ. ಹೀಗಾಗಿ ಕನಕಮ್ಮನೆಂಬ ಹುಡುಗಿ ಬಂದು "ನಮ್ಮ ಎಮ್ಮಿ" ಎಂದಾಗ ತುಸು ಯೋಚಿಸಿ, ಒಂದು ಗೂಟ, ಅದಕ್ಕೆ ಸುತ್ತಿದ ಹಗ್ಗ, ಪಕ್ಕದಲ್ಲಿ ಅರ್ಧ ತಿಂದುಳಿದ ಹಸಿ ಮೇವು ಬರೆದುಕೊಟ್ಟರು.

"ಎಮ್ಮಿ ಎಲ್ಲಿ?" ಎಂದಳು ಕನಕಮ್ಮ.

"ನೀರು ಕುಡಿಯಾಕ ಹೋಗ್ಯದ. ಬರ್ತದ."

ಮುಂದೆ ಉಕ್ಕಿನ ಕಪಾಟುಗಳು ಬಂದವು; ಟ್ರಂಕುಗಳು ಅಟ್ಟವೇರಿದವು. ಜಹೀರುದ್ದೀನರು ಅಂಗಡಿ ಮುಚ್ಚಿ ಮಾನ್ವಿಯಲ್ಲಿ ಮಗಳು ತಮನ್ನಾಳ ಮನೆ ಸೇರಿದರು. ತಂದೆಯ ಕೈ ಮಗಳಿಗೆ ಬಂದಿತ್ತು. ಆಕೆ ಅವರ ಗುಲಾಬಿ, ಬಳ್ಳಿಗಳನ್ನು ಮರದ ಅಚ್ಚಿನಲ್ಲಿ ಕೆತ್ತಿ, ಹತ್ತಿಯ ಬಟ್ಟೆಯ ಮೇಲೆ ಒತ್ತಿ, ಪರದೆ, ದಿಂಬಿನ ಗವಸು, ಮೇಜಿನ ಹಾಸುಗಳನ್ನು ಮಾಡುತ್ತಿದ್ದಳು. ರಾಯಚೂರು, ಸಿರವಾರಗಳಲ್ಲಿ ಹೊಸ ಮನೆ ಕಟ್ಟಿಸಿದವರು ಹುಡುಕಿಕೊಂಡು ಬರುತ್ತಿದ್ದರು. ಅಜ್ಜಿಯ ಮನೆಯಲ್ಲಿ ಕಂಡಿದ್ದ ಹೂವನ್ನು ತಮ್ಮ ಕಿಟಕಿಯಲ್ಲಿ ಮತ್ತೆ ಕಂಡು ಕೆಲವರು ಬೆರಳಿನಿಂದ ಸವರಿ ನೋಡುತ್ತಿದ್ದರು.

ಅಂಥವರಲ್ಲಿ ಕನಕಮ್ಮನ ಮಗಳು ಮೌನೇಶ್ವರಿ ಒಬ್ಬಳು, ರಾಯಚೂರಿನಲ್ಲಿ ಶಿಕ್ಷಕಿ. ಹೊಸ ಮನೆಯ ಹಾಲಿನಲ್ಲಿ ತಾಯಿಯ ಟ್ರಂಕನ್ನು ಕಿಟಕಿಯ ಕೆಳಗೆ ಪೀಠವಾಗಿ ಇಡಬೇಕೆಂದು, ತಾಯಿಗೆ ತಿಳಿಸದೆ, ತುಕ್ಕು ತೆಗೆಯಲು ತಮನ್ನಾಳಲ್ಲಿಗೆ ಕಳುಹಿಸಿದಳು. ಅದಕ್ಕೊಪ್ಪುವ ಪರದೆಗಳನ್ನೂ ಮಾಡಿಕೊಡಲು ಹೇಳಿದಳು. ಜಹೀರುದ್ದೀನರು ಆಗ ನಂಟರ ಮದುವೆಗೆಂದು ದೇವದುರ್ಗದಲ್ಲಿದ್ದರು. ಮದುಮಗಳ ಕಿವಿಗಷ್ಟೇ ಹೇಳುತ್ತಿದ್ದ ಆ ಮಾತು ತಮನ್ನಾಳಿಗೆ ಗೊತ್ತಿರಲಿಲ್ಲ. ಮುಚ್ಚಳ ತೆರೆದಾಗ ಗೂಟ ಅವಳಿಗೆ ಮೊಗ್ಗಿನಂತೆಯೂ ಹಗ್ಗ ಬಳ್ಳಿಯಂತೆಯೂ ತೋರಿದವು. ಅದನ್ನೇ ಅಚ್ಚು ಕೆತ್ತಿ ಪರದೆಯ ತುಂಬ ಒತ್ತಿದಳು.

ತಂದೆ ಮರಳಿದಾಗ ಟ್ರಂಕು, ಪರದೆ ಎರಡೂ ರಾಯಚೂರು ಸೇರಿದ್ದವು. ಅಂಗಳದ ದಾರದ ಮೇಲೆ ಉಳಿದ ಬಟ್ಟೆಯ ತುಂಡೊಂದು ಒಣಗುತ್ತಿತ್ತು. ಅದನ್ನು ಬೆರಳಲ್ಲಿ ಹಿಡಿದು ನೋಡಿದ ಅವರಿಗೆ ಅಂದು ಊಟ ಸೇರಲಿಲ್ಲ. ಒಬ್ಬ ಹೆಣ್ಣುಮಗಳಿಗೆ ಕೊಟ್ಟ ಮಾತು ಕಿಟಕಿಯಲ್ಲಿ ನೇತಾಡುತ್ತಿದೆ, ಅದನ್ನು ಇಳಿಸಿ ಆಕೆಯ ಮುಂದೆ ತಪ್ಪೊಪ್ಪಿಕೊಳ್ಳದೆ ನಮಾಜಿಗೆ ಹೇಗೆ ನಿಲ್ಲಲಿ ಎಂದು ಮಗಳಿಗೆ ಮನೆಮಾತಾದ ದಖನಿ ಉರ್ದುವಿನಲ್ಲಿ ಹೇಳಿದರು. ಮರುದಿನ ಇಬ್ಬರೂ ರಾಯಚೂರಿನ ಬಸ್ಸು ಹತ್ತಿದರು.

ಹೊಸ ಮನೆಯ ಪೂಜೆ ಹಿಂದಿನ ದಿನವಷ್ಟೇ ಮುಗಿದಿತ್ತು. ಕನಕಮ್ಮ ಟ್ರಂಕಿನ ಮೇಲೆ ಕುಳಿತಿದ್ದಳು. ಜಹೀರುದ್ದೀನರನ್ನು ಗುರುತು ಹಿಡಿಯಲು ಆಕೆಗೆ ಹೊತ್ತು ಬೇಕಾಗಲಿಲ್ಲ.

"ಬರ್ರಿ ಸಾಬ್ರ. ನಮ್ಮಪ್ಪಗ ಇದ್ದದ್ದು ಒಂದ ಎಮ್ಮಿ. ಇಷ್ಟು ಗೂಟ ಯಾಕ ಬಡದೀರಿ?"

ಮೌನೇಶ್ವರಿ ನಕ್ಕಳು. "ಗೂಟ ಎಲ್ಲಿ ಅದ ಯವ್ವಾ, ಅದು ಮೊಗ್ಗು."

"ನಿನಗ ಮೊಗ್ಗು ಬೇ. ಸೆಗಣಿ ಬಳದಾಕಿ ನಾನು."

ಜಹೀರುದ್ದೀನರು ಕುಳಿತುಕೊಳ್ಳಲಿಲ್ಲ. "ತಪ್ಪಾಗ್ಯದ ತಾಯಿ. ನಿನಗ ಕೊಟ್ಟ ಮಾತು ಉಳಿಸಲಿಲ್ಲ. ಈಗ ಇಳಿಸಿಬಿಡ್ತೀವಿ."

"ನಮ್ಮ ಅಬ್ಬಾ ನನಗ ಇದನ್ನ ಹೇಳೇ ಇಲ್ಲರಿ ಅಮ್ಮಾ" ಎಂದಳು ತಮನ್ನಾ. "ಗೊತ್ತಿದ್ದರ ಮಾಡ್ತಿದ್ದಿಲ್ಲ."

"ಹೇಳಬಾರದ್ದನ್ನ ಹ್ಯಾಂಗ ಹೇಳ್ಯಾರು?" ಎಂದು ಕನಕಮ್ಮ ಪರದೆಯ ಕಡೆ ನೋಡಿದಳು. "ನನ್ನ ಗಂಡಗೂ ತೋರಿಸಿದ್ದಿಲ್ಲ. ಮನಸಿಗಿ ಬ್ಯಾಸರಾದಾಗ ಟ್ರಂಕಿನಾಗ ತಲಿ ಹಾಕಿ ಸೀರಿ ಹುಡುಕಿದಂಗ ಮಾಡ್ತಿದ್ದೆ. ನಮ್ಮತ್ತಿ ಅಂತಿದ್ಲು, ಇಕಿಗಿ ಎಷ್ಟು ಸೀರಿ ಅದಾವ ನೋಡ್ರಿ ಅಂತ. ಇದ್ದದ್ದು ಮೂರ."

ಮೌನೇಶ್ವರಿಯ ನಗೆ ಆರಿತು. ತಾಯಿ ಟ್ರಂಕಿನೊಳಗೆ ಬಾಗಿ ನಿಂತಿರುತ್ತಿದ್ದ ಎಷ್ಟೋ ಸಂಜೆಗಳು ಅವಳ ಕಣ್ಣಿಗೆ ಕಟ್ಟಿದವು. ಎದ್ದು ಪರದೆಗೆ ಕೈ ಹಾಕಿದಳು.

"ಹರಿಬ್ಯಾಡ, ಮೆಲ್ಲಕ" ಎಂದಳು ಕನಕಮ್ಮ. "ಹಾಲಿನಾಗ ಬ್ಯಾಡ. ಬಂದವರು ಚಂದ ಅದ ಅಂತಾರ, ಯಾವ ಅಂಗಡಿದು ಅಂತಾರ. ನನಗ ಕೇಳಾಕ ಆಗಲ್ಲ. ನನ್ನ ಕೋಣಿ ಕಿಟಕಿಗಿ ಹಾಕ್ರಿ. ಇಲ್ಲಿ ಸಾಬರ ಗುಲಾಬಿ ಇರಲಿ."

"ಆ ಅಚ್ಚು ಒಲಿಗಿ ಹಾಕ್ತೀನ್ರಿ" ಎಂದಳು ತಮನ್ನಾ.

"ಒಲಿಗಿ ಯಾಕ? ನನಗ ಕೊಡು."

ತಮನ್ನಾ ಸ್ಟೂಲು ಹತ್ತಿ ಪರದೆಗಳನ್ನು ಬಿಡಿಸಿದಳು; ಜಹೀರುದ್ದೀನರು ಅಂಚು ನೆಲಕ್ಕೆ ತಾಗದಂತೆ ಕೆಳಗೆ ಕೈಯೊಡ್ಡಿದರು. ಕೋಣೆಯ ಕಿಟಕಿ ಚಿಕ್ಕದು, ಒಂದೇ ಪರದೆ ಹಿಡಿಸಿತು. ಕನಕಮ್ಮ ಮಂಚದ ಮೇಲೆ ಕುಳಿತು ಅದನ್ನೇ ನೋಡತೊಡಗಿದಳು.

"ಎಮ್ಮಿ ಹೆಸರು ಏನಿತ್ತು ಯವ್ವಾ?" ಎಂದು ಮಗಳು ಪಕ್ಕದಲ್ಲಿ ಕುಳಿತಳು.

ಬಾಗಿಲ ಬಳಿ ನಿಂತಿದ್ದ ಜಹೀರುದ್ದೀನರು ಮತ್ತು ತಮನ್ನಾಳತ್ತ ಕನಕಮ್ಮ ಕಣ್ಣು ಹೊರಳಿಸಿದಳು. "ಇವರು ಹೋಗಲಿ, ಹೇಳ್ತೀನಿ."

ಗುಟ್ಟು ಮತ್ತೆ ಆಕೆಯದೇ ಆಯಿತೆಂದು ಜಹೀರುದ್ದೀನರ ಮುಖ ಅರಳಿತು. ಚಹಾ ಬರುವುದನ್ನೂ ಕಾಯದೆ ಮಗಳನ್ನು ಕರೆದುಕೊಂಡು ಚಪ್ಪಲಿ ಮೆಟ್ಟಿದರು.