ಯಮುನಾಳ ಎರಡನೇ ಸರ್ವ್

ಯಮುನಾ ಟೆನಿಸ್ ಕೋರ್ಟಿಗೆ ಮೊದಲ ಸಲ ಬಂದದ್ದು ಕೆಮ್ಮಣ್ಣಿನ ಲಾರಿಯಲ್ಲಿ. ಅವಳ ತಂದೆ ದೊಡ್ಡಬೈರಪ್ಪನವರು ಮಾವಳ್ಳಿಯಲ್ಲಿದ್ದುಕೊಂಡು ಮಣ್ಣು, ಮರಳು ಸಾಗಿಸುವ ಗುತ್ತಿಗೆ ಮಾಡುತ್ತಿದ್ದರು. ಬಸವನಗುಡಿಯ ಒಂದು ಕ್ಲಬ್ಬಿನ ಕೋರ್ಟುಗಳಿಗೆ ಮಳೆಗಾಲ ಮುಗಿದ ಮೇಲೆ ಹೊಸ ಮಣ್ಣು ಹಾಕಿಸುವ ಕೆಲಸ ಅವರದೇ. ದಸರಾ ರಜೆಯಲ್ಲಿ ಒಮ್ಮೆ ಎಂಟು ವರ್ಷದ ಮಗಳನ್ನೂ ಕರೆದುಕೊಂಡು ಬಂದರು. ಆಳುಗಳು ಮಣ್ಣು ಹರಡಿ ಉರುಳೆ ಎಳೆಯುವಷ್ಟು ಹೊತ್ತೂ ಅವಳು ಯಾರೋ ಬಿಟ್ಟುಹೋಗಿದ್ದ ಹಳೇ ರ‍್ಯಾಕೆಟ್ಟಿನಿಂದ ಗೋಡೆಗೆ ಚೆಂಡು ಹೊಡೆಯುತ್ತ ನಿಂತಿದ್ದಳು. ಅದನ್ನು ಕಂಡವರು ಹನುಮಂತಯ್ಯ. ಸದಸ್ಯರಿಗೆ ಆಟ ಕಲಿಸುವುದು, ಜೊತೆ ಸಿಗದವರ ಎದುರು ಆಡುವುದು ಕ್ಲಬ್ಬಿನಲ್ಲಿ ಅವರ ಕೆಲಸ.

"ಬೈರಪ್ಪನೋರೇ, ಈ ಮಗೂನ ನಂಗೆ ಬಿಡಿ" ಎಂದರಂತೆ.

"ಬಿಟ್ರೆ ಏನ್ ಮಾಡ್ತೀರಾ ಸ್ವಾಮಿ?"

"ಗೊತ್ತಿಲ್ಲ. ಬಿಡಿ, ನೋಡೋಣ."

ಇದನ್ನೆಲ್ಲ ಯಮುನಾಳೇ ನನಗೆ ಹೇಳಿದ್ದು. ೧೯೯೭ರಲ್ಲಿ ಅವಳು ಕ್ರೀಡಾ ಕೋಟಾದಲ್ಲಿ ನಮ್ಮ ಬ್ಯಾಂಕಿಗೆ ಸೇರಿದಳು. ಚಾಮರಾಜಪೇಟೆ ಶಾಖೆಯಲ್ಲಿ ನನ್ನ ಪಕ್ಕದ ಮೇಜು ಅವಳದು. ಟೆನಿಸ್ಸಿನ ಗಂಧವೇ ಇಲ್ಲದ ನಾನು ಅವಳಿಂದಾಗಿ ಎಷ್ಟು ಪಂದ್ಯ ನೋಡಿದೆನೋ ಲೆಕ್ಕವಿಲ್ಲ.

ಹದಿನಾರಕ್ಕೇ ಅವಳು ರಾಜ್ಯದ ಕಿರಿಯರ ಚಾಂಪಿಯನ್. ಹತ್ತೊಂಬತ್ತನೇ ವಯಸ್ಸಿಗೆ, ಅಂದರೆ ೧೯೯೬ರಲ್ಲಿ, ಬೆಂಗಳೂರಿನಲ್ಲೇ ನಡೆದ ಒಂದು ಸಣ್ಣ ಅಂತರರಾಷ್ಟ್ರೀಯ ಪಂದ್ಯಾವಳಿಯಲ್ಲಿ ಅವಳ ಎದುರಿಗೆ ಬಂದವಳು ಲಾರಿಸಾ ಎಂಬ ರಷ್ಯಾದ ಹುಡುಗಿ. ಹದಿನೈದು ವರ್ಷ, ಬೆನ್ನ ಮೇಲೆ ಉದ್ದ ಜಡೆ, ಜೊತೆಯಲ್ಲಿ ಒಂದು ಮಾತೂ ಆಡದ ತಾಯಿ. ಮೊದಲ ಸೆಟ್ ಯಮುನಾ ಗೆದ್ದಳು. ಎರಡನೆಯದರಲ್ಲೂ ಮುಂದಿದ್ದಳು, ಇನ್ನೊಂದು ಗೇಮ್ ಬಂದಿದ್ದರೆ ಪಂದ್ಯ ಅವಳದು. ಸರ್ವ್ ಮಾಡಲು ಕೈ ಮೇಲೆತ್ತಿದಾಗ ಬಲಭುಜದೊಳಗೆ ಏನೋ ಕಿತ್ತುಬಂದ ಹಾಗಾಯಿತು. ಆ ಗೇಮಿನಲ್ಲಿ ಮೂರು ಸಲ ಎರಡೂ ಸರ್ವ್ ನೆಟ್ಟಿಗೆ ಬಿದ್ದವು. ಡಬಲ್ ಫಾಲ್ಟ್, ಮೂರು ಅಂಕ ಹೋದವು. ಆ ಸೆಟ್ ಕೈತಪ್ಪಿತು, ಮೂರನೆಯದರಲ್ಲಿ ಅವಳಿಗೆ ಒಂದೇ ಒಂದು ಗೇಮ್ ಸಿಕ್ಕಿತು.

ಲಾರಿಸಾ ನಾಲ್ಕು ವರ್ಷದೊಳಗೆ ಯುರೋಪಿನಲ್ಲಿ ದೊಡ್ಡ ಪಂದ್ಯಾವಳಿ ಗೆದ್ದು ಜಗತ್ತಿಗೇ ಹೆಸರಾದಳು. ಯಮುನಾಳ ಭುಜಕ್ಕೆ ಎಣ್ಣೆ ನೀವಿದ್ದಾಯಿತು, ಪಟ್ಟು ಕಟ್ಟಿಸಿದ್ದಾಯಿತು, ಸೂಜಿಮದ್ದಾಯಿತು, ಕೊನೆಗೆ ೧೯೯೮ರಲ್ಲಿ ಆಪರೇಷನ್ನೂ ಆಯಿತು. ಚೀಲ ಎತ್ತಬಹುದು, ತಲೆ ಬಾಚಬಹುದು. ಸರ್ವಿಗೆ ಕೈ ಎತ್ತಿದರೆ ಮಾತ್ರ ಅರ್ಧದಲ್ಲೇ ನಡುಗುತ್ತಿತ್ತು. ನೋವಿಗಿಂತ ಹೆಚ್ಚಾಗಿ ಅದು ಹೆದರಿಕೆ ಎಂದು ಡಾಕ್ಟರು ಹೇಳಿದ್ದು ಅವಳಿಗೆ ಇನ್ನೂ ಸಿಟ್ಟು ತರಿಸಿತು.

"ಹೆದರಿಕೆ ಅಂತೆ! ಹಾಗಾದ್ರೆ ಕೊಯ್ದಿದ್ಯಾಕೆ?" ಎಂದು ಲೆಡ್ಜರನ್ನು ದಡಾರನೆ ಮುಚ್ಚಿದಳು.

ಇದರ ಮೇಲೆ ನಮ್ಮ ಮ್ಯಾನೇಜರ್ ನರಸಿಂಹಯ್ಯನವರದೊಂದು ಕಾಟ. ಒಳ್ಳೆಯ ಮನುಷ್ಯರೇ. ಆದರೆ ಯಾವ ಗ್ರಾಹಕರು ಬಂದರೂ, "ಇವ್ರು ಯಾರು ಗೊತ್ತಾ? ಲಾರಿಸಾನ ನಡುಗ್ಸಿದೋರು!" ಎನ್ನುತ್ತಿದ್ದರು. ಗ್ರಾಹಕರು ಬಾಯಿ ತೆರೆದು ಯಮುನಾಳನ್ನೇ ನೋಡುವರು. "ಗೆದ್ರಾ ಮೇಡಂ?" ಎಂದು ಕೇಳುವರು. "ಇಲ್ಲ" ಎಂದರೆ, "ಹೋಗ್ಲಿ ಬಿಡಿ" ಎಂದು ಸಮಾಧಾನ ಹೇಳಿ ಚೆಕ್ಕು ಚಾಚುವರು.

೨೦೦೧ರಲ್ಲಿ ಲಾರಿಸಾಳಿಗೂ ಭುಜ ಕೈಕೊಟ್ಟಿತು. ಆಟ ಬಿಟ್ಟಳು, ಮರಳಿ ಬಂದಳು, ಮೊದಲ ಸುತ್ತುಗಳಲ್ಲೇ ಸೋತಳು, ಮತ್ತೆ ಗೆದ್ದಳು. ಪತ್ರಿಕೆಯವರು ಅದಕ್ಕೆಲ್ಲ ಯಮುನಾಳಿಗೇ ಫೋನು ಮಾಡುತ್ತಿದ್ದರು. ಒಮ್ಮೆ ಅವಳು ರಿಸೀವರ್ ಇಟ್ಟವಳೇ, "ಅವಳಿಗೆ ಭುಜ ನೋವಾದ್ರೆ ಸುದ್ದಿ. ಅವಳ ಜೊತೆ ಡಾಕ್ಟ್ರು, ಕೋಚು, ಮಾಲೀಷು ಮಾಡೋರು, ಎಲ್ಲ ಇದಾರೆ. ನಂಗೆ ಬೆಳಿಗ್ಗೆ ಅರ್ಧ ಗಂಟೆ ಲೇಟ್ ಪರ್ಮಿಷನ್ ಬೇಕಂದ್ರೂ ಅರ್ಜಿ ಬರೀಬೇಕು" ಎಂದಳು. ಕಾಫಿ ಕುಡಿದು ಬರೋಣ ಬಾರೇ ಎಂದೆ. ಬರಲಿಲ್ಲ.

ಮಾರನೇ ವರ್ಷ ರಾಜ್ಯ ಚಾಂಪಿಯನ್‌ಶಿಪ್ಪಿಗೆ ಹೆಸರು ಕೊಟ್ಟಳು. ಹನುಮಂತಯ್ಯನವರು ಎಂಟು ತಿಂಗಳು ಬೆಳಗಿನ ಐದೂವರೆಗೇ ಬಂದು ಅವಳಿಂದ ಸರ್ವ್ ಮಾಡಿಸಿದ್ದರು. ನಾನು ರಜೆ ಹಾಕಿ ನೋಡಲು ಹೋದೆ. ಮೊದಲ ಸುತ್ತಿನಲ್ಲಿ ಎದುರಾಳಿ ಆರಾಧನಾ, ಹದಿನೇಳು ವರ್ಷದ ಮಲ್ಲೇಶ್ವರದ ಹುಡುಗಿ. ಯಮುನಾ ಎಂಟು ಡಬಲ್ ಫಾಲ್ಟ್ ಮಾಡಿ ಮೊದಲ ಸೆಟ್ ಸೋತಳು. ಪ್ರತಿ ಸಲ ಚೆಂಡು ನೆಟ್ಟಿಗೆ ಬಿದ್ದಾಗಲೂ ನನ್ನ ಪಕ್ಕದಲ್ಲಿ ಕೂತಿದ್ದ ಹನುಮಂತಯ್ಯ ಕಣ್ಣು ಮುಚ್ಚುತ್ತಿದ್ದರು.

ಎರಡನೇ ಸೆಟ್ಟಿನ ಮೊದಲ ಗೇಮಿನಲ್ಲೂ ಅದೇ ಕಥೆ. ಮೊದಲ ಸರ್ವ್ ನೆಟ್ಟಿಗೆ. ಯಮುನಾ ರ‍್ಯಾಕೆಟ್ಟಿನ ತಂತಿಗಳನ್ನು ನೋಡುತ್ತ ಒಂದು ಕ್ಷಣ ನಿಂತಳು. ಆಮೇಲೆ ಚೆಂಡನ್ನು ಮೇಲೆ ಎಸೆಯಲೇ ಇಲ್ಲ. ಸೊಂಟದ ಹತ್ತಿರ ಅದನ್ನು ಕೈಯಿಂದ ಬಿಟ್ಟು, ಕೆಳಗಿನಿಂದ, ಮಕ್ಕಳು ಹೊಡೆಯುವ ಹಾಗೆ ಹೊಡೆದಳು. ಚೆಂಡು ನೆಟ್ ದಾಟಿ ಅಲ್ಲೇ ಸತ್ತುಬಿದ್ದಿತು. ಆರಾಧನಾ ಓಡಿ ಬರುವಷ್ಟರಲ್ಲಿ ಅದು ಎರಡು ಸಲ ಪುಟಿದಿತ್ತು.

ನೋಡುತ್ತಿದ್ದವರಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಆರಾಧನಾಳ ತಂದೆ ಎದ್ದು ನಿಂತರು. "ಏನ್ರೀ ಅಂಪೈರೇ, ಇದೇನ್ ಟೆನಿಸ್ಸಾ, ಗೋಲಿ ಆಟಾನಾ?"

"ನಿಯಮದಲ್ಲಿದೆ ಸಾರ್. ಕೂತ್ಕೊಳಿ" ಎಂದರು ಅಂಪೈರ್.

ಯಮುನಾ ಮಿಕ್ಕ ಸರ್ವುಗಳನ್ನೆಲ್ಲ ಹಾಗೇ ಮಾಡಿದಳು. ಒಮ್ಮೆ ಗಿಡ್ಡಕ್ಕೆ, ಒಮ್ಮೆ ಮೂಲೆಗೆ, ಒಮ್ಮೆ ಬುಗುರಿಯಂತೆ ಸುತ್ತಿಸಿ. ಚೆಂಡು ಆಟಕ್ಕೆ ಬಂದ ಮೇಲೆ ಅವಳೇ ರಾಣಿ. ಅವಳ ಓಟ, ಅವಳ ಎಡಗಡೆಯ ಹೊಡೆತ ಎಲ್ಲೂ ಹೋಗಿರಲಿಲ್ಲ. ಉಳಿದ ಎರಡು ಸೆಟ್ಟನ್ನೂ ಗೆದ್ದಳು. ನಾನು ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದೆ. ನನ್ನ ಪಕ್ಕದ ಕುರ್ಚಿ ಖಾಲಿಯಾಗಿತ್ತು.

ಹನುಮಂತಯ್ಯನವರು ಗೇಟಿನ ಹತ್ತಿರ ಸೈಕಲ್ ಹಿಡಿದು ನಿಂತಿದ್ದರು.

"ನಾನ್ ಹೇಳ್ಕೊಟ್ಟಿದ್ದು ಇದಾ?" ಎಂದರು ಯಮುನಾಳಿಗೆ.

"ಗೆದ್ನಲ್ಲ ಸಾರ್."

"ಹದಿನೇಳು ವರ್ಷ ಆಯ್ತು ಕಣಮ್ಮ ನಿಂಗೆ ಹೇಳ್ಕೊಡೋಕೆ ಶುರುಮಾಡಿ. ಜನ ನಗ್ತಿದ್ರು."

"ನೆಟ್ಟಿಗೆ ಹೊಡೆದಾಗ ಯಾರೂ ನಗ್ಲಿಲ್ಲ, ಅಯ್ಯೋ ಪಾಪ ಅಂದ್ರು. ನಂಗೆ ಅದಕ್ಕಿಂತ ಇದೇ ಮೇಲು. ನೀವು ಹೇಳ್ಕೊಟ್ಟಿದ್ದನ್ನ ಮಾಡೋಕೆ ಕೈ ಬೇಕಲ್ಲ ಸಾರ್, ಕೈ!"

ಅವರು ಸೈಕಲ್ ಹತ್ತಿ ಹೋಗಿಬಿಟ್ಟರು. ಗೆದ್ದವಳು ಗೇಟಿನ ಕಂಬಕ್ಕೆ ಒರಗಿ ಅತ್ತಳು.

ಮಾರನೇ ದಿನದ ಎದುರಾಳಿ ಬುದ್ಧಿವಂತೆ. ಯಮುನಾ ಕೈ ಬೀಸುವ ಮೊದಲೇ ಮುಂದೆ ಬಂದು ನಿಂತು ಚೆಂಡನ್ನು ಚಚ್ಚಿ ಹಾಕಿದಳು. ನಲವತ್ತೈದು ನಿಮಿಷದಲ್ಲಿ ಎಲ್ಲ ಮುಗಿಯಿತು. ಪತ್ರಿಕೆಯಲ್ಲಿ ಬಂದದ್ದು ಎರಡೇ ಸಾಲು. ಅದರಲ್ಲೂ ಒಂದು ಸಾಲು ಲಾರಿಸಾಳದು.

ಆಮೇಲೂ ಎರಡು ವರ್ಷ ಆಡಿದಳು. ಬ್ಯಾಂಕುಗಳ ಪಂದ್ಯಾವಳಿಯಲ್ಲಿ ಒಂದು ಸಲ ಗೆದ್ದಳು, ಒಂದು ಸಲ ಮೊದಲ ಸುತ್ತಿನಲ್ಲೇ ಹೊರಬಿದ್ದಳು. ಹನುಮಂತಯ್ಯನವರು ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಕೊನೆಗೊಂದು ಬೆಳಿಗ್ಗೆ ಅವರಾಗಿಯೇ ಬಂದು, "ಕೆಳಗಿಂದಾನೇ ಹೊಡಿ, ಆದ್ರೆ ಮಣಿಕಟ್ಟು ಹಿಂಗಿಟ್ಕೋ" ಎಂದು ತೋರಿಸಿದರಂತೆ. ಅದು ಸ್ವಲ್ಪ ತಡವಾಗಿತ್ತು. ೨೦೦೪ರ ಕೊನೆಗೆ ಕೆಳಗಿನಿಂದ ಬೀಸಿದರೂ ಭುಜ ಊದಿಕೊಳ್ಳತೊಡಗಿತು.

ಆಟ ಬಿಟ್ಟೆನೆಂದು ಅವಳು ಹೇಳಿದ ದಿನ ಬ್ಯಾಂಕಿನಲ್ಲಿ ಎಲ್ಲರೂ ಅವಳನ್ನು ಸಮಾಧಾನ ಮಾಡಿದರು. ನರಸಿಂಹಯ್ಯನವರು ತಾವೇ ಎದ್ದು ಬಂದು, "ನಿನ್ನಷ್ಟು ಆಡಿದೋರು ಎಷ್ಟು ಜನ ಇದಾರಮ್ಮ? ಇಷ್ಟು ಸಾಕಲ್ವಾ?" ಎಂದರು. ಅವಳು "ಹೂಂ ಸಾರ್" ಎಂದು ತಲೆಯಾಡಿಸಿದಳು.

ಊಟದ ಡಬ್ಬಿ ತೆರೆಯುವಾಗ ನನಗೊಬ್ಬಳಿಗೇ ಹೇಳಿದಳು. "ಎಲ್ರೂ ಸಾಕು ಸಾಕು ಅಂತಾರೆ ಗೋದಾ. ನಂಗೆ ಸಾಕಾಗಿಲ್ಲ ಕಣೇ. ಹೊಟ್ಟೆ ತುಂಬದೇ ಎಲೆ ಎತ್ತಿದ ಹಾಗಿದೆ."

ಮುಂದಿನ ವರ್ಷ ಪ್ರಮೋಷನ್ ಪರೀಕ್ಷೆ ಪಾಸು ಮಾಡಿ ಉಪ್ಪಾರಪೇಟೆ ಕಡೆಯ ಶಾಖೆಗೆ ಹೋದಳು. ಅಲ್ಲಿ ಯಾರಿಗೂ ತಾನು ಆಡುತ್ತಿದ್ದೆನೆಂದು ಹೇಳಿಲ್ಲವಂತೆ. ನೀನೂ ಹೇಳಬೇಡ ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ.